ಹಿರಣ್ಯಕಶಿಪುವಿನ ಕಿರೀಟ

ಯಪ್ಪಾ,

ನಿನ್ನ ಹಿರಣ್ಯಕಶಿಪುವಿನ ಕಿರೀಟವನ್ನು ಇವತ್ತು ನಾನು ತಲೆಗೇರಿಸಿದೆ. ಮೊದಲು ಈಶಪ್ಪಜ್ಜ, ಆಮೇಲೆ ನೀನು, ಇಬ್ಬರೂ ಅದನ್ನಿಟ್ಟುಕೊಂಡೇ ದೊಡ್ಡಾಟದ ನಡುವೆ ಜೀವ ಬಿಟ್ಟಿರಿ. ಅಂದಿನಿಂದ ಅಡರಕಟ್ಟಿಯಲ್ಲಿ ಅದನ್ನು ಮುಟ್ಟುವವರೇ ಇರಲಿಲ್ಲ.

ನಾನು ಬಣ್ಣ ಹಚ್ಚಿಕೊಳ್ಳುವಾಗ ನಿನ್ನ ತಂಗಿ ಸುಮಿತ್ರತ್ತೆ ಅಳುತ್ತಲೇ ಬೈದಳು: "ಹುಚ್ಚಿ, ಅದರಾಗ ದೆವ್ವ ಐತಿ. ನಿಮ್ಮಪ್ಪನ್ನ ನುಂಗಿದ್ದು ಸಾಲಲಿಲ್ಲೇನ?"

"ಇದ್ರ ಇರ್ಲಿ ಬಿಡತ್ತಿ, ಅದೂ ಆಟ ನೋಡ್ಲಿ," ಅಂದೆ.

ಕುಣಿದೆ, ಗರ್ಜಿಸಿದೆ, ಕೊನೆಗೆ ನರಸಿಂಹನ ಕೈಯಲ್ಲಿ ಸತ್ತು ಬಿದ್ದೆ. ಮದ್ದಲೆ ನಿಂತಿತು. ಇಡೀ ಊರು ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿತ್ತು. ಚೆನ್ನಾಗಿ ಹೆದರಲಿ ಎಂದು ಬೇಕೆಂದೇ ಇನ್ನಷ್ಟು ಹೊತ್ತು ಅಲುಗಾಡದೆ ಮಲಗಿದೆ. ಆಮೇಲೆ ಎದ್ದು ನಿಂತು ಕಿರೀಟವನ್ನು ಎರಡೂ ಕೈಗಳಿಂದ ಮೇಲೆತ್ತಿದೆ. ಮಂದಿ ಹಾಕಿದ ಕೇಕೆ ಲಕ್ಷ್ಮೇಶ್ವರಕ್ಕೂ ಕೇಳಿರಬೇಕು. ಸುಮಿತ್ರತ್ತೆಯೂ ಶಿಳ್ಳೆ ಹೊಡೆದಳು!

ಅದರೊಳಗೆ ದೆವ್ವವಿರಲಿಲ್ಲ, ಯಪ್ಪಾ. ಇದ್ದದ್ದು ನಿನ್ನ ತಲೆಯೆಣ್ಣೆಯ ವಾಸನೆ.

ಅಂದು ನೀನು ಹೀಗೇ ಬಿದ್ದಾಗ, ಆಟವೆಂದುಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಈಗ ಏಳುತ್ತೀ, ಈಗ ಏಳುತ್ತೀ ಎಂದು ತಟ್ಟುತ್ತಲೇ ಇದ್ದೆ.

ಇವತ್ತು ಎದ್ದೆವು ನೋಡು.