ಅರವತ್ತೆಂಟು ಎಂದು ಬರೆಸಿದವರಿಗೆ

ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ
ಬುಧವಾರ, ಮಾರ್ಚ್ ೧೨

ಟೈಲರ್ ಸಾಹೇಬರಿಗೆ,

‘ಪ್ರೀತಿಯ’ ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಬೇಕಿದ್ದರೆ ನೀವೇ ಸೇರಿಸಿಕೊಳ್ಳಿ. ಇದು ಎಡಗೈ ಬರಹ, ಅಕ್ಷರ ನೋಡಿ ನಗಬೇಡಿ. ಬಲಗೈ ಇನ್ನೂ ಮುನಿಸಿಕೊಂಡೇ ಇದೆ. ಆದರೆ ಸೋಮವಾರದಿಂದ ಅದರ ಹೆಬ್ಬೆರಳು, ತೋರುಬೆರಳು ಮಡಚಲು ಬರುತ್ತಿದೆ. ಹಲ್ಲಿನ ಸೆಟ್ ಮಾಡಿ ಬದುಕುವವಳಿಗೆ ಎರಡು ಬೆರಳೆಂದರೆ ಎಷ್ಟು ಎಂದು ಸೂಜಿ ಹಿಡಿಯುವ ನಿಮಗೆ ಹೇಳಬೇಕಾಗಿಲ್ಲ. ಈ ಸುದ್ದಿ ಮೊದಲು ನಿಮಗೇ ತಲುಪಲಿ ಅನ್ನಿಸಿತು.

ಆ ದಿನ ನಮ್ಮ ಹಲ್ಲಿನ ಲ್ಯಾಬಿನ ಮೆಟ್ಟಿಲು ಆಗಷ್ಟೇ ತೊಳೆದಿದ್ದರು. ಜಾರಿ ಬಿದ್ದೆ, ಕುತ್ತಿಗೆಗೆ ಪೆಟ್ಟಾಯಿತು. ಕಾಲು ಅಷ್ಟಿಷ್ಟು ಆಡುತ್ತಿತ್ತು, ಕೈಗಳು ಮಾತ್ರ ಯಾರದೋ ಕೈಗಳ ಹಾಗೆ ಬಿದ್ದಿದ್ದವು. ಬೇರೆ ಇರಲು ಶುರುಮಾಡಿ ಎರಡು ವರ್ಷವಾದರೂ ಕೆಲಸದ ಕಾರ್ಡಿನಲ್ಲಿ ತುರ್ತಿಗೆ ಕರೆಯಲು ನಿಮ್ಮ ನಂಬರೇ ಇತ್ತು. ಬದಲಾಯಿಸಲು ಸೋಮಾರಿತನ ಅಂದುಕೊಳ್ಳಿ.

ಮುಂದಿನದನ್ನು ಕನ್ನಡಕದ ಡಾಕ್ಟರಮ್ಮ ನಿನ್ನೆ ನನ್ನ ಪಕ್ಕ ಕೂತು ಹೇಳಿದರು. ಪೆಟ್ಟು ಬೀಳುವುದು ಒಂದು ಕ್ಷಣವಂತೆ. ಆಮೇಲೆ ಗಂಟೆಗಟ್ಟಲೆ, ನಾವು ಉಸಿರಾಡುವ ಆಮ್ಲಜನಕದಿಂದಲೇ ಹುಟ್ಟುವ ಪುಂಡ ಕಣಗಳು ಅಕ್ಕಪಕ್ಕದ ಒಳ್ಳೆಯ ನರಗಳನ್ನೂ ಸುಡುತ್ತವಂತೆ. ಅವನ್ನು ಅಡಗಿಸುವ ಕಿಣ್ವ ನಮ್ಮ ಮೈಯಲ್ಲೇ ಇದೆ, ಸಾಲುವುದಿಲ್ಲ. ಹೊರಗಿನಿಂದ ಕೊಟ್ಟರೆ ರಕ್ತದಲ್ಲಿ ಬೇಗ ಹಾಳಾಗುತ್ತದೆ ಎಂದು ಅದಕ್ಕೆ ಸಣ್ಣ ಹೊದಿಕೆ ಹಾಕಿ ಪರೀಕ್ಷೆ ಮಾಡುತ್ತಿದ್ದಾರೆ. ಬಿದ್ದ ಆರು ಗಂಟೆಯೊಳಗೆ ಕೊಡಬೇಕು, ಮನೆಯವರ ಸಹಿ ಬೇಕು, ತೂಕ ನೋಡಿ ಅಳತೆ ಹಾಕಬೇಕು. ನನ್ನನ್ನು ಅಲುಗಾಡಿಸುವಂತಿರಲಿಲ್ಲ, ಮಲಗಿಸಿಯೇ ತೂಕ ನೋಡುವ ಮಂಚ ಅವತ್ತೇ ಕೆಟ್ಟಿತ್ತು. ಕಾರ್ಡಿನಲ್ಲಿ ತೂಕ ಐವತ್ತಾರು ಕೆಜಿ ಎಂದಿತ್ತು.

ಹೌದು, ಅದು ನಾನು ಬರೆಸಿದ್ದ ಸುಳ್ಳು.

ನೀವು ಒಪ್ಪಿಗೆ ಪತ್ರದ ಹದಿನಾಲ್ಕು ಪುಟವನ್ನೂ ಓದಿ, ಸಂಬಂಧ ಎಂಬ ಕಡೆ ಸ್ವಲ್ಪ ತಡೆದು, ಗಂಡ ಎಂದು ಬರೆದಿರಂತೆ. ಆಮೇಲೆ ತಲೆಯೆತ್ತಿ, “ಐವತ್ತಾರಲ್ಲ ಡಾಕ್ಟ್ರೇ, ಅರವತ್ತೆಂಟು ಬರ್ಕೊಳ್ಳಿ” ಅಂದಿರಂತೆ. ಅವರು ನಂಬಲಿಲ್ಲ. “ಹೋದ ತಿಂಗಳು ಬಸ್ ಸ್ಟಾಪಲ್ಲಿ ನೋಡ್ದೆ. ಎಡಭುಜ ಒಂಚೂರು ಇಳಿದಿದೆ, ಸೊಂಟ ಎರಡಿಂಚು ಜಾಸ್ತಿಯಾಗಿದೆ. ನನ್ನ ಕಣ್ಣಿಗೆ ತಪ್ಪಲ್ಲ” ಅಂದಿರಂತೆ. ನರ್ಸ್ ನಕ್ಕುಬಿಟ್ಟರಂತೆ. ನಾಲ್ಕು ದಿನದ ಮೇಲೆ ಮಂಚ ರಿಪೇರಿಯಾಗಿ ತೂಗಿದಾಗ ಅರವತ್ತೇಳೂವರೆ. ಅರ್ಧ ಕೆಜಿ ಆಸ್ಪತ್ರೆಯ ಊಟ ನುಂಗಿರಬೇಕು.

‘ನೀವು ಬಟ್ಟೆ ನೋಡ್ತೀರಿ, ನನ್ನನ್ನ ನೋಡೋದೇ ಇಲ್ಲ’ ಎಂದು ಜಗಳವಾಡಿ ಮನೆ ಬಿಟ್ಟವಳು ನಾನು. ಬಸ್ ಸ್ಟಾಪಿನಲ್ಲಿ ನೀವಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ನೋಡದೆ ಹೋದದ್ದು ಯಾರು ಹೇಳಿ?

ಇನ್ನೊಂದು ವಿಷಯ. ಈ ಪರೀಕ್ಷೆಯಲ್ಲಿ ಅರ್ಧ ಜನರಿಗೆ ಔಷಧ, ಉಳಿದವರಿಗೆ ಬರೀ ಉಪ್ಪುನೀರು. ನನಗೆ ಯಾವುದು ಸಿಕ್ಕಿತೆಂದು ಡಾಕ್ಟರಮ್ಮನಿಗೂ ಈಗ ಗೊತ್ತಿಲ್ಲ. ಬೆರಳು ಕಿಣ್ವದಿಂದ ಮಡಚಿತೋ, ವ್ಯಾಯಾಮದಿಂದಲೋ, ತಾನಾಗಿಯೋ ಹೇಳಲಾಗದು ಎಂದರು. ಔಷಧಕ್ಕೆ ಕೃತಜ್ಞತೆ ಹೇಳೋಣವೆಂದರೆ ಅದು ನನ್ನೊಳಗೆ ಬಂದಿತ್ತೋ ಇಲ್ಲವೋ. ನೀವು ಬಂದದ್ದಂತೂ ಖಂಡಿತ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಬಂದದ್ದಕ್ಕೆ, ಓದಿದ್ದಕ್ಕೆ, ನನ್ನ ಸುಳ್ಳನ್ನು ನಾಲ್ಕು ಜನರೆದುರು ತಿದ್ದಿದ್ದಕ್ಕೆ ನಾನು ನಿಮಗೆ ಋಣಿ.

ಮಾರನೇ ದಿನ ಮಂಪರು ಇಳಿದಾಗ ನಿಮ್ಮನ್ನು ಕಂಡು “ಇವರನ್ನ ಯಾರು ಕರೆಸಿದ್ದು?” ಅಂದೆ. ನೀವು ಎದ್ದು ಹೋದಿರಿ. ಆರು ವಾರವಾಯಿತು. ಆ ಮಾತು ನನ್ನನ್ನು ಕೊರೆಯುತ್ತಿದೆ. ತಪ್ಪಾಯಿತು, ಕ್ಷಮಿಸಿ.

ನಾಳೆಯೇ ಮನೆಗೆ ಬಂದುಬಿಡುತ್ತೇನೆಂದು ಗಂಟುಮೂಟೆ ಹೊರಲು ಓಡಿಬರಬೇಡಿ. ಅಷ್ಟು ಸುಲಭಕ್ಕೆ ನಾನು ಬಗ್ಗುವವಳಲ್ಲ, ಅದೂ ನಿಮಗೆ ಗೊತ್ತು.

ಇಂತು,
ಇನ್ನೂ ನಿಮ್ಮ
ಹಲ್ಲಿನವಳು

ಮರೆತಿದ್ದು: ನಿಜವಾಗಿ ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಬಿದ್ದ ದಿನ ನಾನು ಪೋಸ್ಟ್ ಆಫೀಸಿಗೆ ಹೊರಟಿದ್ದೆ. ಚೀಲದಲ್ಲಿ ನಿಮ್ಮ ಸಹಿಗೆ ಕಳಿಸಬೇಕಿದ್ದ ವಿಚ್ಛೇದನದ ಅರ್ಜಿ ಇತ್ತು, ನನ್ನ ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಿದ್ದೆ. ಅದು ಹಿಂದಿನ ದಿನವೇ ನಿಮ್ಮ ಕೈ ಸೇರಿದ್ದರೂ ನೀವು ಬರುತ್ತಿದ್ದಿರಿ. ನನಗೆ ಗೊತ್ತು, ಅದಕ್ಕೇ ಹೆಚ್ಚು ನಾಚಿಕೆ. ಇವತ್ತು ಬೆಳಿಗ್ಗೆ ವ್ಯಾಯಾಮದವರು, ಎರಡು ಬೆರಳಲ್ಲಿ ಏನಾದರೂ ಹಿಡಿದು ಹರಿಯಿರಿ ಎಂದರು. ಲಕೋಟೆ ತೆಗೆಸಿದೆ. ಪೂರ್ತಿ ಹರಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಇಲ್ಲಿ ನೋಡಲು ಬರುವವರಿಗೆ ಸಮಯ ನಾಲ್ಕರಿಂದ ಆರು.