ನಮ್ಮ ಮನೆಯ ಚುಕ್ಕೆ

ಅಣ್ಣಾ,

ನೀನು ಹೋಗಿ ಎರಡು ವರ್ಷವಾಯಿತು. ಇವತ್ತು ನಿನ್ನ ಮಗಳು ನನ್ನನ್ನು ತನ್ನ ಆಫೀಸಿಗೆ ಕರೆಸಿಕೊಂಡಿದ್ದಳು. ಊರಿನ ನಕ್ಷೆ ಮಾಡುತ್ತಿದ್ದಾಳೆ. ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂದು ಮನೆಮನೆಗೂ ಹೋಗಿ ಕೇಳಿ, ಬೇಗ ಮುಟ್ಟಿದವರ ಮನೆಗೆ ಹಸಿರು ಚುಕ್ಕೆ, ತಡವಾದವರ ಮನೆಗೆ ಕೆಂಪು ಚುಕ್ಕೆ ಇಡುತ್ತಾಳೆ. ಕೆಂಪು ಹೆಚ್ಚಿರುವ ಕಡೆ ಇನ್ನು ಮುಂದೆ ಆಂಬುಲೆನ್ಸ್ ನಿಲ್ಲಿಸುತ್ತಾರಂತೆ.

ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಮಂಗಳ ಹಾಡಿದ ನಾನು ಅಲ್ಲಿನ ಓದಿದವರಿಗೆಲ್ಲ ಪಾಠ ಹೇಳಿಬಿಟ್ಟೆ. "ನಿಮ್ಮ ಕಂಪ್ಯೂಟರ್ ಹುಟ್ಟೋಕೆ ಮೊದ್ಲೇ ಈ ಊರಿನ ಗಲ್ಲಿಗಳೆಲ್ಲ ನನ್ನ ಸ್ಕೂಟರಿಗೆ ಬಾಯಿಪಾಠ ಆಗಿದ್ವು ಕಣ್ರೀ," ಎಂದೆ. ಎಲ್ಲರೂ ನಕ್ಕರು.

ನಮ್ಮ ಮನೆಯ ಜಾಗ ಮಾತ್ರ ಖಾಲಿ ಇತ್ತು.

"ಚಿಕ್ಕಪ್ಪ, ಅವತ್ತು ಅಪ್ಪನ್ನ ಕರ್ಕೊಂಡು ಹೋಗೋಕೆ ಎಷ್ಟು ಹೊತ್ತಾಯ್ತು?"

ಸೇತುವೆ ದಾರಿಯಲ್ಲೇ ಹೋಗೋಣ ಎಂದು ನೀನು ಎರಡು ಸಲ ಹೇಳಿದ್ದೆ. ನನ್ನ ಒಳದಾರಿಯ ಮುಂದೆ ಅದೇನು ಮಹಾ ಎಂದು ನಾನೇ ಆಟೋದವನಿಗೆ ರೈಲ್ವೆ ಗೇಟಿನ ಕಡೆ ತಿರುಗಿಸಲು ಹೇಳಿದೆ. ಗೇಟು ಹಾಕಿತ್ತು. ಗೂಡ್ಸ್ ಗಾಡಿ ದಾಟುವವರೆಗೂ ನಿನ್ನ ತಲೆ ನನ್ನ ಹೆಗಲ ಮೇಲಿತ್ತು. ಎಲ್ಲ ಸೇರಿ ನಲವತ್ತು ನಿಮಿಷ.

"ಹನ್ನೆರಡು ನಿಮಿಷ," ಎಂದೆ.

ಅವಳು ಹಾಗೇ ಬರೆದುಕೊಂಡಳು. ಚುಕ್ಕೆ ಹಸಿರಾಯಿತು.

"ನೀವಿದ್ರಿ ಅಂತ ಅಪ್ಪ ಅಷ್ಟು ಬೇಗ ಆಸ್ಪತ್ರೆ ಮುಟ್ಟಿದ್ರು," ಎಂದು ನನ್ನ ಕೈ ಹಿಡಿದುಕೊಂಡಳು.

ಪಕ್ಕದ ಬೀದಿಯ ಹೆಸರು ತಪ್ಪಾಗಿದೆ, ಮೊದಲು ಅದನ್ನು ಸರಿಮಾಡು ಎಂದು ನಾನು ತೋರಿಸಿದೆ.