ಮುಳ್ಳು ಹಾಕಿದ ಕಂಪ್ಯೂಟರ್

ಅಣ್ಣಾ,

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವ ಮನಸ್ಸು ನನಗಿಲ್ಲ. ಬದುಕಿದ್ದಾಗ ದಿನಾ ಬೆಳಿಗ್ಗೆ ಕೇಳುತ್ತಿದ್ದೆ, ನೀನು ಒಂದು ದಿನವಾದರೂ ತಲೆ ಎತ್ತಿ ಉತ್ತರ ಕೊಟ್ಟವನಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಸರಿ, ನಾನು ನಿನ್ನ ಬಗ್ಗೆ ಯಾರ ಹತ್ತಿರವೂ ಆಡುತ್ತಿಲ್ಲ, ನಿನಗೇ ಬರೆಯುತ್ತಿದ್ದೇನೆ.

ಹುಣಸೂರಿನ ಅಂಗಡಿಯಲ್ಲಿ ನಾವಿಬ್ಬರೂ ಕೂರುತ್ತಿದ್ದದ್ದು ನೆನಪಿದೆಯಾ? ಬಸ್ ಸ್ಟ್ಯಾಂಡಿನ ಹಿಂದಿನ ಇಕ್ಕಟ್ಟು ಮಳಿಗೆ, ಒಂದೇ ಮೇಜು, ಒಂದೇ ಕಂಪ್ಯೂಟರ್. ಗಂಡನ ಮನೆ ಬಿಟ್ಟು ಕೆ.ಆರ್. ನಗರದಿಂದ ಬಂದ ತಂಗಿಗೆ ನೀನು ಕೊಟ್ಟ ಜಾಗ ಅದು. ಕುರ್ಚಿ ನಿನ್ನದು, ಸ್ಟೂಲು ನನ್ನದು. ಕೀಬೋರ್ಡ್ ನನ್ನ ಕಡೆ, ಮೌಸ್ ನಿನ್ನ ಕಡೆ. "ನೀನ್ ಟೈಪ್ ಹೊಡ್ಕಂಡಿರು ಲಲಿತ, ಮೌಸ್ ಮುಟ್‌ಬ್ಯಾಡ. ಎಲ್ಲೋ ಒತ್ತಿ ಏನೋ ಮಾಡ್‌ಬುಡ್ತೀಯ" ಅಂದೆ ನೀನು ಮೊದಲನೇ ದಿನವೇ. ಮದುವೆ ಕಾರ್ಡು, ನಾಮಕರಣದ ಕಾರ್ಡು, ತಿಥಿ ಕಾರ್ಡು, ಅದರಲ್ಲಿನ ಅಕ್ಷರವೆಲ್ಲ ನನ್ನ ಬೆರಳಿನಿಂದ ಬಂದದ್ದು. ಯಾವುದು ದಪ್ಪ, ಯಾವುದು ಸಣ್ಣ, ಗಣಪತಿ ಮೇಲೋ ಪಕ್ಕಕ್ಕೋ, ಅದೆಲ್ಲ ಮೌಸಿನ ಕೆಲಸ, ಅಂದರೆ ನಿನ್ನ ಕೆಲಸ. ಗಿರಾಕಿಗಳು ನಿನ್ನನ್ನು ಡಿಸೈನರ್ ಸಾರ್ ಅನ್ನುತ್ತಿದ್ದರು. ನನ್ನನ್ನು ಏನೂ ಅನ್ನುತ್ತಿರಲಿಲ್ಲ.

ನೀನು ಹೋಗುವ ಮುಂಚಿನ ಮಳೆಗಾಲದಲ್ಲಿ ನಾನು ಮೈಸೂರಿನಿಂದ ಒಂದು ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆ ತಂದಿದ್ದೆ. ಅದರ ಜೊತೆ ಡಿವಿಡಿ ಬಂದಿತ್ತು, ಪರೀಕ್ಷೆಗೆಂದು ಬಿಟ್ಟ ಹೊಸ ವಿಂಡೋಸ್. ನಮ್ಮದು ಹಳೇ ಎಕ್ಸ್‌ಪಿ, ತಿಣುಕುತ್ತಿತ್ತು. ಡಿಕ್ಷನರಿ ಇಟ್ಟುಕೊಂಡು ಪತ್ರಿಕೆಯನ್ನು ಪುಟ ಪುಟ ಓದಿದೆ. ಓದಿ ನಿನ್ನ ಹತ್ತಿರ ಬಂದು, "ಅಣ್ಣ, ಹಳೇದನ್ನ ಅಳಿಸೋದೇ ಬ್ಯಾಡ್ವಂತೆ ಕಣ. ಡಿಸ್ಕ್ ಒಳಗೆ ಒಂದು ದೊಡ್ ಫೈಲ್ ಮಾಡಿ, ಇದೇ ಇನ್ನೊಂದು ಹಾರ್ಡ್ ಡಿಸ್ಕು ಅಂತ ಕಂಪ್ಯೂಟರ್‌ಗೆ ನಂಬಿಸ್ಬೋದಂತೆ. ಹೊಸ ವಿಂಡೋಸ್ ಆ ಫೈಲ್ ಒಳಗೇ ಇರ್ತದೆ. ಸ್ಟಾರ್ಟ್ ಮಾಡುವಾಗ ಯಾವ್ದು ಬೇಕು ಅಂತ ಕೇಳ್ತದೆ" ಅಂದೆ. ನೀನು ನಕ್ಕೆ. "ಮಡಕೆ ಒಳಗ್ ಮಡಕೆ ಇಟ್ಟು ಅನ್ನ ಬೇಯಿಸ್ತಾಳಂತೆ ಕಣ್ರೀ ನಮ್ ಲಲಿತ!" ಎಂದು ಕಾರ್ಡ್ ತಿದ್ದಿಸಲು ಬಂದಿದ್ದವರಿಗೆಲ್ಲ ಹೇಳಿದೆ. ಆಮೇಲೆ ಆ ಡಿವಿಡಿ ಮೇಲೆ ಟೀ ಲೋಟ ಇಟ್ಟೆ. ನಾನು ಅದನ್ನು ಒರೆಸಿ ಬ್ಯಾಗಿಗೆ ಹಾಕಿಕೊಂಡೆ.

ಕಾರ್ತೀಕದ ಆ ಮಧ್ಯಾಹ್ನ ನಾನು ಕಾರ್ಡಿನ ಕಾಗದ ತರಲು ಹೋಗಿದ್ದೆ. ವಾಪಸ್ ಬಂದಾಗ ನೀನು ಕೀಬೋರ್ಡಿನ ಮೇಲೆ ಕೆನ್ನೆ ಇಟ್ಟು ಮಲಗಿದ್ದೆ. ಪರದೆಯ ತುಂಬ ಒಂದೇ ಅಕ್ಷರ, ಸಾಲು ಸಾಲು, ಇನ್ನೂ ಓಡುತ್ತಲೇ ಇತ್ತು. ಹೃದಯ ನಿಂತು ಹೋಗಿದೆ ಎಂದರು ಡಾಕ್ಟರು. ನಾನು ಅಳಲಿಲ್ಲ ಅಂದುಕೊಂಡಿದ್ದೀಯಾ? ಬೀದಿಯಲ್ಲಿ ಕೂತು ಅತ್ತೆ. ನಿನ್ನ ಮೇಲಿನ ಸಿಟ್ಟು ಆಗಲೂ ಇತ್ತು, ಅಳುವೂ ಬಂತು. ಒಂದು ಇದ್ದರೆ ಇನ್ನೊಂದು ಇರಬಾರದು ಎಂದು ಯಾರು ಹೇಳಿದರು?

ಮಣ್ಣು ಮಾಡಿ ಬಂದ ಮಾರನೇ ದಿನ ಅವ್ವ ಜೋಯಿಸರನ್ನು ಕರೆಸಿದಳು. ಅವರು ಪಂಚಾಂಗ ತಿರುವಿ, ನೀನು ಹೋದದ್ದು ಧನಿಷ್ಠಾ ನಕ್ಷತ್ರದಲ್ಲಿ, ಪ್ರಾಣ ಬಿಟ್ಟ ಜಾಗವನ್ನು ಆರು ತಿಂಗಳು ಮುಚ್ಚಬೇಕು ಎಂದರು. ನಮ್ಮ ಕಡೆ ಇದು ನಿನಗೆ ಗೊತ್ತಿರುವುದೇ. ಕೆಟ್ಟ ನಕ್ಷತ್ರದಲ್ಲಿ ಹೋದರೆ ಮನೆಯವರೆಲ್ಲ ಮನೆ ಬಿಟ್ಟು, ಬಾಗಿಲಿಗೆ ಮುಳ್ಳು ಹಾಕಿ, ಬೇರೆ ಕಡೆ ಇರಬೇಕು. ಆದರೆ ನೀನು ಹೋದದ್ದು ಮನೆಯಲ್ಲಲ್ಲ, ಬಾಡಿಗೆ ಮಳಿಗೆಯಲ್ಲಿ. ಮಾಲೀಕ, "ಆರ್ ತಿಂಗ್ಳು ನನ್ ಮಳ್ಗೆಗ್ ಮುಳ್ ಹಾಕದಾ? ನಾಳೆನೇ ಬ್ಯಾರೆಯವ್ರಿಗ್ ಕೊಡ್ತೀನಿ" ಎಂದು ಎಗರಾಡಿದ. ಜೋಯಿಸರು ಪಂಚಾಂಗ ಮಡಿಸಿಟ್ಟು, "ಗೋಡೆ, ಛಾವಣಿ ಅವರವು. ನಿಮ್ಮವನು ತಲೆ ಇಟ್ಟು ಪ್ರಾಣ ಬಿಟ್ಟದ್ದು ಆ ಯಂತ್ರದ ಮೇಲೆ. ಅದನ್ನೇ ಮುಚ್ಚಿ" ಎಂದು ತೀರ್ಪು ಕೊಟ್ಟರು. ಅವ್ವ ಹೊಲದ ಬದುವಿನಿಂದ ಜಾಲಿಮುಳ್ಳು ಕಡಿದು ತಂದು ಕೀಬೋರ್ಡಿನ ಮೇಲೆ ಇಟ್ಟಳು. ನಗಬೇಡ. ರಾಹುಕಾಲ ಕಳೆಯುವವರೆಗೂ ಎಕ್ಸ್‌ಪಿ ಹಾಕಲ್ಲ ಎಂದು ಗಡಿಯಾರ ನೋಡುತ್ತ ಕೂತಿದ್ದವನು ನೀನು.

ಅವ್ವನಿಗೆ ಆ ದಿನವೇ ಹೇಳಿದೆ, ಆರು ತಿಂಗಳು ಅಂದರೆ ಮದುವೆ ಕಾಲವೆಲ್ಲ ಹೋಗಿಬಿಡುತ್ತದೆ ಎಂದು. ಹೊಗೆಸೊಪ್ಪು ಮಾರಿ ಜನರ ಕೈಯಲ್ಲಿ ದುಡ್ಡಾಡುವುದೂ ಆಗಲೇ, ಲಗ್ನ ಕೂಡಿ ಬರುವುದೂ ಆಗಲೇ. ಈ ಸಲ ಬೇರೆ ಅಂಗಡಿ ಹತ್ತಿದ ಗಿರಾಕಿ ಮುಂದಿನ ಸಲ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಓದ್ರೆ ಓಗ್ಲಿ ಬುಡು, ಮಗ್ನೇ ಓದ ಮ್ಯಾಲೆ ಅಂಗಡಿ ಏನ್ ಮಾಡದು" ಅಂದಳು. ಅವಳಿಗೆ ಮಗ ಹೋಗಿದ್ದ. ನನಗೆ ಅದರ ಜೊತೆ ಆ ಸ್ಟೂಲೂ ಹೋಗುತ್ತಿತ್ತು. ದುಡಿದು ತಿನ್ನಲು ನನಗೆ ಈ ಭೂಮಿ ಮೇಲೆ ಇದ್ದದ್ದು ಅದೊಂದೇ ಜಾಗ. ಅದನ್ನೂ ಬಿಟ್ಟು ನಾನು ಎಲ್ಲಿಗೆ...

ಜೋಯಿಸರ ಮನೆ ಜಗುಲಿಗೆ ನಾನೊಬ್ಬಳೇ ಹೋದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಮುಳ್ ಹಾಕಿದ್ ಮನೆ ಹಿತ್ಲಲ್ಲಿ ಗುಡ್ಲು ಕಟ್ಕಂಡ್ ಇರ್‌ಬೋದಾ ಜೋಯಿಸ್ರೇ?" ಎಂದು ಕೇಳಿದೆ.

"ಇರಬಹುದಮ್ಮ. ಬಾಗಿಲು ಬೇರೆ ಇರಬೇಕು. ಆ ಮನೆಯೊಳಕ್ಕೆ ಕಾಲಿಡಬಾರದು."

"ಆ ಮನೇಲಿರೋ ಪಾತ್ರೆ ಪಡಗ ಬೇಕಾದ್ರೆ?"

"ಕಿಟಕಿಯಿಂದ ಕೈ ಹಾಕಿ ತಗೋ. ತೊಳೆದು ಬಳಸು." ಆಮೇಲೆ, "ಯಾರ ಮನೆ ವಿಷಯ ಇದು?" ಎಂದು ಕೇಳಿದರು.

"ನಮ್ಮಣ್ಣಂದು" ಅಂದೆ. ನಿನ್ನ ಎಕ್ಸ್‌ಪಿ ಮುಳ್ಳು ಹಾಕಿದ ಮನೆ, ಫೈಲಿನೊಳಗೆ ಹಾಕುವ ಹೊಸ ವಿಂಡೋಸ್ ಹಿತ್ತಲಿನ ಗುಡಿಸಲು ಎಂದು ಕಂಪ್ಯೂಟರಿನ ವಿಷಯ ಬಿಡಿಸಿ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ, ಬಾಗಿಲು ಬೇರೆ ಎಂಬುದನ್ನು ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಅವ್ವನಿಗೆ ಹೇಳಿ ಕಳಿಸಿದರು, ಲಲಿತ ಕೇಳುವುದರಲ್ಲಿ ದೋಷವಿಲ್ಲ ಎಂದು.

ಅಂಗಡಿ ಬಾಗಿಲು ತೆಗೆದ ಬೆಳಿಗ್ಗೆ ಅವ್ವನೂ ಬಂದು ಹೊಸ್ತಿಲ ಹತ್ತಿರ ಕಾವಲು ಕೂತಳು. ಮುಳ್ಳಿದ್ದ ಕೀಬೋರ್ಡನ್ನು ಮುಳ್ಳಿನ ಸಮೇತ ಎತ್ತಿ ಪಕ್ಕಕ್ಕಿಟ್ಟು, ಹೊಸ ಕೀಬೋರ್ಡ್ ಸಿಕ್ಕಿಸಿ, ಟೀ ಕಲೆಯ ಆ ಡಿವಿಡಿಯನ್ನೇ ಹಾಕಿದೆ. ಡಿವಿಡಿಯಿಂದಲೇ ಶುರುವಾಯಿತು, ನಿನ್ನ ಎಕ್ಸ್‌ಪಿಗೆ ಎಚ್ಚರವೇ ಆಗಲಿಲ್ಲ. ಎಲ್ಲಿ ಹಾಕಲಿ ಎಂದು ಅದು ಕೇಳುವ ಹೊತ್ತಿಗೆ ಶಿಫ್ಟ್ ಹಿಡಿದು ಎಫ್ ಟೆನ್ ಒತ್ತಿದೆ. ಕಪ್ಪು ಕಿಟಕಿ ತೆರೆಯಿತು. ಅಣ್ಣಾ, ಅಲ್ಲಿ ಮೌಸಿಗೆ ಕೆಲಸವೇ ಇಲ್ಲ, ಗೊತ್ತಾ? ಎಲ್ಲ ಟೈಪ್ ಹೊಡೆಯುವುದು. ಕ್ರಿಯೇಟ್ ವಿಡಿಸ್ಕ್, ಅಂದರೆ ಆ ನಂಬಿಸುವ ಡಿಸ್ಕು ಮಾಡು ಎಂದು ಬರೆದು, ಫೈಲಿಗೆ ಹೆಸರು ಕೊಟ್ಟು, ಇಪ್ಪತ್ತು ಜೀಬಿ ಅಳತೆ ಕೊಟ್ಟೆ. ಸೆಲೆಕ್ಟ್ ಅಂದೆ. ಅಟ್ಯಾಚ್ ಅಂದೆ. ನೀನು ವರ್ಷಗಟ್ಟಲೆ ನನ್ನನ್ನು ಯಾವುದಕ್ಕೆ ಕಟ್ಟಿಹಾಕಿದ್ದೆಯೋ ಅದೊಂದೇ ವಿದ್ಯೆ ಅಲ್ಲಿ ನಡೆಯುತ್ತಿತ್ತು. ಒಂದು ಅಕ್ಷರವೂ ತಪ್ಪಲಿಲ್ಲ.

ಕಪ್ಪು ಕಿಟಕಿ ಮುಚ್ಚಿ ನೋಡಿದರೆ ಪಟ್ಟಿಯಲ್ಲಿ ಇನ್ನೊಂದು ಡಿಸ್ಕ್ ಬಂದು ನಿಂತಿತ್ತು. ಅದನ್ನು ಆರಿಸಿದೆ. ಈ ಡಿಸ್ಕಿನಲ್ಲಿ ಹಾಕಲು ಆಗುವುದಿಲ್ಲ, ಇದರಿಂದ ಕಂಪ್ಯೂಟರ್ ಶುರುವಾಗದೇ ಇರಬಹುದು ಎಂದು ಎಚ್ಚರಿಕೆ ಬಂತು. ಥೇಟ್ ನಿನ್ನದೇ ಮಾತು. ಹೀಗೆ ಬೆದರಿಸುತ್ತದೆ, ಬೆದರದೆ ಮುಂದಕ್ಕೆ ಒತ್ತಿ ಎಂದು ಪತ್ರಿಕೆಯಲ್ಲಿ ಬರೆದಿದ್ದರು. ಒತ್ತಿದೆ. ಹಾಕಿಸಿಕೊಂಡಿತು. ನಿನ್ನ ವಿಷಯದಲ್ಲೂ ಹೀಗೇ ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ...

ಕಂಪ್ಯೂಟರ್ ಆರಿ ಹತ್ತಿದಾಗ ಪರದೆಯಲ್ಲಿ ಎರಡು ಸಾಲು ಬಂದವು. ಒಂದು ನನ್ನ ಹೊಸ ವಿಂಡೋಸ್. ಇನ್ನೊಂದು ನಿನ್ನದು, ಅದಕ್ಕೆ ಎಕ್ಸ್‌ಪಿ ಎಂಬ ಹೆಸರೂ ಇರಲಿಲ್ಲ, ವಿಂಡೋಸಿನ ಹಿಂದಿನ ಆವೃತ್ತಿ ಎಂದಷ್ಟೇ ಬರೆದಿತ್ತು. ಅವ್ವ ಬಾಗಿಲಿನಿಂದಲೇ, "ಅವ್ನ್ ಮನೆ ಯಾವ್ದೇ?" ಎಂದು ಕೂಗಿದಳು. ತೋರಿಸಿದೆ. "ಅದ್ನ ಮುಟ್‌ಬ್ಯಾಡ ಮತ್ತೆ" ಅಂದಳು. ಮುಟ್ಟಲಿಲ್ಲ. ನನ್ನದು ತೆರೆಯಿತು. ಒಳಗಿನಿಂದ ನೋಡಿದರೆ ಸಿ ಡ್ರೈವ್ ನಾನು, ಡಿ ಡ್ರೈವ್ ನೀನು. ಹುಟ್ಟಿದಾಗಿನಿಂದ ಮೊದಲನೆಯವನಾಗಿದ್ದವನಿಗೆ ಎರಡನೇ ಜಾಗ ಹೇಗಿದೆ? ಜೋಯಿಸರು ಹೇಳಿದಂತೆ ಕಿಟಕಿಯಿಂದ ಕೈ ಹಾಕಿ ನಿನ್ನ ಫಾಂಟುಗಳನ್ನೆಲ್ಲ ಎಳೆದುಕೊಂಡೆ, ಹಳೇ ಕಾರ್ಡುಗಳನ್ನೂ. ಆಮೇಲೆ ಮೌಸ್ ಹಿಡಿದೆ.

ಆ ಮದುವೆ ಕಾಲದಲ್ಲಿ ನಾನು ಎಷ್ಟು ಕಾರ್ಡು ಮಾಡಿದೆ ಎಂದು ಕೇಳಬೇಡ, ಊಟಕ್ಕೂ ಪುರುಸೊತ್ತಿರಲಿಲ್ಲ. ಅಂತರಸಂತೆಯಿಂದ, ಸಾಲಿಗ್ರಾಮದಿಂದಲೂ ಬಂದರು. ನೀನು ಎಲ್ಲ ಕಾರ್ಡಿಗೂ ಅದೇ ಕೆಂಪು, ಅದೇ ಬಳ್ಳಿ ಹಾಕುತ್ತಿದ್ದೆ. ನಾನು ಹಸಿರು ಹಾಕಿದೆ, ಯಾರೂ ಬೇಡ ಅನ್ನಲಿಲ್ಲ.

ಆರು ತಿಂಗಳು ತುಂಬಿದ ದಿನ ಅವ್ವ ಮುಳ್ಳು ತೆಗೆದು, ಅರಿಶಿನದ ನೀರು ಚಿಮುಕಿಸಿ, ಕಂಪ್ಯೂಟರಿಗೆ ಹಣ್ಣು ಕಾಯಿ ಮಾಡಿಸಿದಳು. ಅಂಗಡಿ ಇನ್ನು ನನ್ನದೇ ಎಂದು ನಾನು ಹೇಗೋ ನಂಬಿಬಿಟ್ಟಿದ್ದೆ. ಅತ್ತಿಗೆಯ ತಮ್ಮ ಹರೀಶ ಹೊಸ ಶರಟು ಹಾಕಿಕೊಂಡು ಬಂದಿದ್ದ. ಅವ್ವ ಅವನನ್ನು ನಿನ್ನ ಕುರ್ಚಿಯಲ್ಲಿ ಕೂರಿಸಿ, "ಇನ್ ಮ್ಯಾಲೆ ಅಂಗ್ಡಿ ಹರೀಸ ನೋಡ್ಕತನೆ. ನಿಮ್ಮಣ್ಣ ಬದುಕಿದ್ದಾಗ್ಲೇ ಹಂಗಂದಿದ್ದ ಕಣವ್ವ, ಗಂಡ್ಸು ಇರ್ಬೇಕು ಅಂತ. ನೀನ್ ಪಕ್ದಲ್ ಕುಂತ್ಕಂಡು ಟೈಪ್ ಹೊಡ್ಕಂಡಿರು" ಅಂದಳು. ಹೇಳಿದ್ದೆಯಾ ಅಣ್ಣ? ನಿನ್ನ ಎದೆ ನೆಟ್ಟಗಿದ್ದಾಗಲೇ, ಮುಂದಿನ ಯಜಮಾನನನ್ನು ಗೊತ್ತು ಮಾಡುವಾಗ, ಪಕ್ಕದ ಸ್ಟೂಲಿನಲ್ಲಿದ್ದ ನಾನು ನಿನ್ನ ಕಣ್ಣಿಗೆ ಬೀಳಲೇ ಇಲ್ಲವಾ? ಹರೀಶನಿಗೆ ಕಂಪ್ಯೂಟರ್ ಆರಿಸುವುದಕ್ಕೂ ಬರುತ್ತಿರಲಿಲ್ಲ, ಪ್ಲಗ್ ಕಿತ್ತುಬಿಡುತ್ತಿದ್ದ. ನಿನ್ನನ್ನು ನಾನು ಕ್ಷಮಿಸದೇ ಇರುವುದು ಈ ಒಂದಕ್ಕೆ. ಮೌಸ್ ಕೊಡದೇ ಇದ್ದದ್ದನ್ನು ಬೇಕಾದರೆ ಮರೆಯಬಲ್ಲೆ.

ಅಂದು ನಾನು ಜಗಳ ಆಡಲಿಲ್ಲ. ಮತ್ತೆ ಡಿವಿಡಿ ಹಾಕಿ, ಕಪ್ಪು ಕಿಟಕಿ ತೆರೆದು, ನನ್ನ ಆ ಒಂದು ಫೈಲನ್ನು ನಾನೇ ಕೊಂಡಿದ್ದ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ. ಇಡೀ ವಿಂಡೋಸು, ಫಾಂಟು, ಕಾರ್ಡುಗಳು ಎಲ್ಲ ಅದರೊಳಗೇ. ಆಮೇಲೆ ನಿನ್ನ ಡಿಸ್ಕಿನಿಂದ ಫೈಲು ಅಳಿಸಿದೆ, ಶುರುವಿನ ಪಟ್ಟಿಯಿಂದ ನನ್ನ ಸಾಲನ್ನೂ ತೆಗೆದೆ. ನಿನ್ನ ಎಕ್ಸ್‌ಪಿ ನೀನು ಬಿಟ್ಟು ಹೋದ ಹಾಗೇ ಇತ್ತು, ಒಂದು ಗೀರೂ ಇಲ್ಲದೆ. "ಏನ್ ತಗಂಡ್ ಓಯ್ತಿದ್ದೀಯೇ?" ಅವ್ವ ಕೇಳಿದಳು. "ನಂದು ನಾನ್ ತಗಂಡೆ ಕಣವ್ವ, ಅವಂದು ಅವನಿಗೇ ಬುಟ್ಟಿವ್ನಿ" ಅಂದೆ. ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದೆ.

ಪಿರಿಯಾಪಟ್ಟಣದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತು. ಮೈಸೂರಿನಿಂದ ತಂದ ಹಳೇ ಕಂಪ್ಯೂಟರಿಗೆ ಆ ಫೈಲು ಹಾಕಿದೆ. ಹೊಸ ಜಾಗ ನೋಡಿ ಸ್ವಲ್ಪ ಮುನಿಸಿಕೊಂಡು, ಅದಕ್ಕೆ ಬೇಕಾದ ಡ್ರೈವರ್ ಫೈಲುಗಳನ್ನೆಲ್ಲ ಕೊಟ್ಟ ಮೇಲೆ ತೆರೆಯಿತು. ಇಲ್ಲಿ ಸ್ಟೂಲಿಲ್ಲ. ಕುರ್ಚಿ ಒಂದೇ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಮೊನ್ನೆ ಅತ್ತಿಗೆ ಬಂದಿದ್ದಳು, ಒಬ್ಬಳೇ ಬಸ್ ಹತ್ತಿ. ನಿನ್ನ ಕಾಲದಲ್ಲಿ ಅಂಗಡಿಯ ಹೊಸ್ತಿಲನ್ನೂ ದಾಟದವಳು. ಹರೀಶನಿಗೆ ಕಾರ್ಡಿನ ಕೆಲಸ ಕೈಹತ್ತದೆ, ಅಂಗಡಿಯಲ್ಲಿ ಮೊಬೈಲ್ ಕರೆನ್ಸಿ ಇಟ್ಟಿದ್ದಾನಂತೆ. ನಿನ್ನ ಕಂಪ್ಯೂಟರನ್ನು ಮೂಲೆಗೆ ತಳ್ಳಿ ಅದರ ಮೇಲೆ ಸಿಮ್ ಡಬ್ಬ ಪೇರಿಸಿದ್ದಾನಂತೆ. ಅವಳು ಅದನ್ನು ಮನೆಗೆ ಹೊತ್ತು ತಂದಿದ್ದಾಳೆ. "ನಿಮ್ಮಣ್ಣಂದು ಅಳುಸ್‌ಬಾರ್ದು ಲಲಿತಾ, ಅದ್ ಇರ್ಲಿ" ಅಂದಳು. ಆಮೇಲೆ, "ನಿಂಗ್ ಮಾಡ್ಕಂಡಿದ್ಯಲ್ಲ ಒಳಗೊಂದು, ಅಂತದ್ದು ನಂಗೂ ಒಂದು ಮಾಡ್‌ಕೊಡು. ಟೈಪ್ ಒಂದಲ್ಲ, ಎಲ್ಲಾನೂ ಕಲಿಬೇಕು ನಾನು" ಅಂದಳು.

ನಿನ್ನೆ ಹೋಗಿ ಮಾಡಿಕೊಟ್ಟು ಬಂದೆ. ನಿನ್ನ ಡಿಸ್ಕಿನೊಳಗೇ, ನಿನ್ನದರ ಪಕ್ಕದಲ್ಲೇ, ನಿನ್ನ ಹೆಂಡತಿಯದು. ಕಪ್ಪು ಕಿಟಕಿಯ ಸಾಲುಗಳನ್ನು ನಾನು ಹೇಳುತ್ತಾ ಹೋದೆ, ಅವಳೇ ಒಂದೊಂದು ಅಕ್ಷರ ಹುಡುಕಿ ಹುಡುಕಿ ಹೊಡೆದಳು. ಕೊನೆಗೆ ಹೆಸರು ಕೇಳಿತು, ಅವಳ ಹೆಸರು ಬರೆದಳು. ಪಾಸ್‌ವರ್ಡ್ ಕೇಳಿತು. ಅವಳು ಕೀಬೋರ್ಡಿನ ಮೇಲೆ ಕೈ ಇಟ್ಟವಳು ಹೊಡೆಯದೆ ನನ್ನನ್ನೇ ನೋಡಿದಳು. "ಆ ಕಡೀಕ್ ತಿರುಗ್ಕೊ ಲಲಿತಾ" ಅಂದಳು.

ತಿರುಗಿಕೊಂಡೆ. ನೀನೂ ತಿರುಗಿಕೋ ಅಣ್ಣ.

ನಿನ್ನ ತಂಗಿ,
ಲಲಿತ